ಮುಂದೂಡಲಾಗದ ತಾರೀಖು: ಸರ್ಕಾರಗಳಿಗೆ ಜಾಗತಿಕ ಕ್ರೀಡಾಕೂಟ ಏಕೆ ಬೇಕು?

2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ ಸೇರಿದ್ದ ಕಾಮನ್‌ವೆಲ್ತ್ ಕ್ರೀಡಾ ಸಂಸ್ಥೆಯ ಮಹಾಸಭೆಯು 2030ರ ಕ್ರೀಡಾಕೂಟದ ಆತಿಥ್ಯವನ್ನು ಅಹಮದಾಬಾದಿಗೆ ವಹಿಸಿತು. ಭಾರತದಲ್ಲಿ ಇದು ಸಂಭ್ರಮದ ಸುದ್ದಿಯಾಯಿತು. ಆದರೆ ಇದೇ ಕೂಟದ ಇತ್ತೀಚಿನ ಚರಿತ್ರೆ ಗೊತ್ತಿದ್ದವರಿಗೆ ಆ ಸಂಭ್ರಮ ಸ್ವಲ್ಪ ವಿಚಿತ್ರವಾಗಿಯೇ ಕಂಡಿರಬೇಕು. 2022ರ ಕೂಟವನ್ನು ಪಡೆದಿದ್ದ ದಕ್ಷಿಣ ಆಫ್ರಿಕಾದ ಡರ್ಬನ್ ನಗರವು ಹಣ ಹೊಂದಿಸಲಾಗದೆ 2017ರಲ್ಲಿ ಅದನ್ನು ಕಳೆದುಕೊಂಡಿತು. 2026ರ ಕೂಟವನ್ನು ಒಪ್ಪಿಕೊಂಡಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು, 260 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಳಲ್ಲಿ ಮುಗಿಯಬೇಕಿದ್ದ ಖರ್ಚು 600 ಕೋಟಿಯನ್ನೂ ದಾಟುವ ಲಕ್ಷಣ ಕಂಡು, 2023ರ ಜುಲೈನಲ್ಲಿ ಕೈಚೆಲ್ಲಿತು. ಹಾಗೆ ಕೈಚೆಲ್ಲಿದ್ದಕ್ಕೆ 38 ಕೋಟಿ ಡಾಲರ್ ಪರಿಹಾರವನ್ನೂ ತೆತ್ತಿತು. ಕೊನೆಗೆ ಗ್ಲಾಸ್ಗೋ ಅದನ್ನು ವಹಿಸಿಕೊಂಡಿತಾದರೂ ಹೊಸ ಕ್ರೀಡಾಂಗಣ ಕಟ್ಟುವುದಿಲ್ಲ, ಹತ್ತೇ ಆಟಗಳು, ನಾಲ್ಕೇ ಅಂಗಳಗಳು ಎಂಬ ಷರತ್ತಿನ ಮೇಲೆ.

ಒಂದು ಸರ್ಕಾರವು ದಂಡ ತೆತ್ತು ಬಿಡಿಸಿಕೊಂಡದ್ದನ್ನು ಇನ್ನೊಂದು ಸರ್ಕಾರವು ಪ್ರಯತ್ನಪಟ್ಟು ಪಡೆಯುವುದೆಂದರೆ ಏನರ್ಥ? ಎರಡೂ ಕಡೆ ಹಣಕಾಸು ಇಲಾಖೆಗಳಿವೆ, ಕೂಡಿ ಕಳೆಯುವುದು ಎರಡೂ ಕಡೆ ಗೊತ್ತಿದೆ. ಅದರಲ್ಲೂ ಭಾರತಕ್ಕೆ 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ಕಹಿ ಅನುಭವವಿದೆ. ಹೀಗಿರುವಾಗ ಉತ್ತರವನ್ನು ಜಮಾಖರ್ಚಿನ ಪುಸ್ತಕದ ಹೊರಗೆ ಹುಡುಕಬೇಕಾಗುತ್ತದೆ. ಆದರೂ ಮೊದಲು ಜಮಾಖರ್ಚನ್ನೇ ನೋಡಿ ಮುಗಿಸುವುದು ಒಳ್ಳೆಯದು, ಏಕೆಂದರೆ ಆತಿಥ್ಯ ಬೇಡುವ ಪ್ರತಿಯೊಂದು ಸರ್ಕಾರವೂ ಜನರ ಮುಂದೆ ಮೊದಲು ಇಡುವುದು ಆದಾಯ, ಪ್ರವಾಸೋದ್ಯಮ ಮತ್ತು ಉದ್ಯೋಗದ ಮಾತನ್ನೇ.

ಒಲಿಂಪಿಕ್ಸ್ ಇರಲಿ, ಫುಟ್‌ಬಾಲ್ ವಿಶ್ವಕಪ್ ಇರಲಿ, ಅದರ ಒಡೆತನ ಆತಿಥೇಯ ದೇಶದ್ದಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅಥವಾ ಫಿಫಾ ಅದರ ಮಾಲೀಕರು. ಟಿವಿ ಪ್ರಸಾರದ ಹಕ್ಕು ಮತ್ತು ಜಾಗತಿಕ ಪ್ರಾಯೋಜಕರಿಂದ ಬರುವ ಹಣ, ಅಂದರೆ ಆದಾಯದ ದೊಡ್ಡ ಭಾಗ, ಮೊದಲು ಅವರ ಕೈ ಸೇರುತ್ತದೆ. ಒಲಿಂಪಿಕ್ ಸಮಿತಿ ಅದರಲ್ಲಿ ಒಂದು ಪಾಲನ್ನು ಸ್ಥಳೀಯ ಸಂಘಟನಾ ಸಮಿತಿಗೆ ಕೊಡುತ್ತದೆ. ಫಿಫಾ ತನಗೂ ತನ್ನ ಪಾಲುದಾರರಿಗೂ ತೆರಿಗೆ ವಿನಾಯಿತಿಯನ್ನು ಮೊದಲೇ ಬರೆಸಿಕೊಳ್ಳುತ್ತದೆ. ಕ್ರೀಡಾಂಗಣ, ರಸ್ತೆ, ಕ್ರೀಡಾಗ್ರಾಮ ಮತ್ತು ಭದ್ರತೆಯ ಖರ್ಚು ಆತಿಥೇಯರ ತಲೆಯ ಮೇಲೆ. ನಷ್ಟವಾದರೆ ಸರ್ಕಾರ ತುಂಬಿಕೊಡುತ್ತದೆ ಎಂಬ ಮುಚ್ಚಳಿಕೆಯೂ ಸಾಮಾನ್ಯವಾಗಿ ಒಪ್ಪಂದದ ಭಾಗವೇ ಆಗಿರುತ್ತದೆ. ಪ್ರವಾಸಿಗರ ಮಾತಂತೂ ಇನ್ನೂ ಸಂಶಯಾಸ್ಪದ. ಕೂಟದ ಗದ್ದಲ ಮತ್ತು ದುಬಾರಿ ಕೋಣೆಗಳಿಗೆ ಹೆದರಿ ಮಾಮೂಲಿ ಪ್ರವಾಸಿಗರು ದೂರ ಉಳಿಯುತ್ತಾರೆ. 2012ರ ಆಗಸ್ಟ್‌ನಲ್ಲಿ ಒಲಿಂಪಿಕ್ಸ್ ನಡೆಯುತ್ತಿದ್ದಾಗ ಬ್ರಿಟನ್ನಿಗೆ ಬಂದ ವಿದೇಶಿಯರ ಸಂಖ್ಯೆ ಅದರ ಹಿಂದಿನ ವರ್ಷದ ಆಗಸ್ಟ್‌ಗಿಂತ ಕಡಿಮೆಯಿತ್ತು.

ಖರ್ಚಿನ ಕಡೆ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಆಕ್ಸ್‌ಫರ್ಡ್‌ನ ಸಂಶೋಧಕರು 1960ರಿಂದೀಚಿನ ಒಲಿಂಪಿಕ್ಸ್‌ಗಳ ಲೆಕ್ಕ ತೆಗೆದಾಗ, ಅಂಕಿಅಂಶ ಸಿಕ್ಕ ಒಂದು ಕೂಟವೂ ಮೂಲ ಅಂದಾಜಿನೊಳಗೆ ಮುಗಿದಿರಲಿಲ್ಲ; ಸರಾಸರಿ ಏರಿಕೆ ಶೇ 150ನ್ನು ಮೀರಿತ್ತು. 1976ರ ಕೂಟಕ್ಕೆ ಮುನ್ನ ಮಾಂಟ್ರಿಯಲ್ ಮೇಯರ್ ಝಾನ್ ದ್ರಾಪೊ, ಗಂಡಸು ಹೆರುವುದು ಹೇಗೆ ಸಾಧ್ಯವಿಲ್ಲವೋ ಹಾಗೆಯೇ ಒಲಿಂಪಿಕ್ಸ್‌ನಲ್ಲಿ ನಷ್ಟವಾಗುವುದೂ ಸಾಧ್ಯವಿಲ್ಲ ಎಂದು ಘೋಷಿಸಿದ್ದರು. ಆ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ, ಮೂವತ್ತು ವರ್ಷಗಳ ಮೇಲೆ, ಅದೂ ತಂಬಾಕಿನ ಮೇಲೆ ಹಾಕಿದ ವಿಶೇಷ ತೆರಿಗೆಯಿಂದ. ಲಾಭದ ಉದಾಹರಣೆ ಕೇಳಿದವರಿಗೆ ಎಲ್ಲರೂ ತೋರಿಸುವುದು 1984ರ ಲಾಸ್ ಏಂಜಲೀಸನ್ನು. ಅಲ್ಲಿ 20 ಕೋಟಿ ಡಾಲರ್‌ಗೂ ಹೆಚ್ಚು ಉಳಿಯಿತು, ನಿಜ. ಆದರೆ ಟೆಹರಾನ್ ಹಿಂದೆ ಸರಿದ ಮೇಲೆ ಕಣದಲ್ಲಿ ಉಳಿದಿದ್ದ ಏಕೈಕ ನಗರ ಅದು. ಷರತ್ತು ಹಾಕುವ ಶಕ್ತಿ ಆ ಸಲ ಒಲಿಂಪಿಕ್ ಸಮಿತಿಯ ಬದಲು ನಗರದ ಕೈಯಲ್ಲಿತ್ತು. ಮುಖ್ಯ ಕ್ರೀಡಾಂಗಣವಂತೂ 1932ರ ಒಲಿಂಪಿಕ್ಸ್ ನಡೆದಿದ್ದ ಅದೇ ಹಳೆಯ ಕೊಲಿಸಿಯಮ್. ಇತರರಿಗೆ ಈ ಎರಡು ಅನುಕೂಲಗಳೂ ಸುಲಭವಾಗಿ ಒದಗುವುದಿಲ್ಲ.

ಹಣ ಕಾರಣವಲ್ಲದಿದ್ದರೆ ಸರ್ಕಾರ ನಿಜವಾಗಿ ಕೊಳ್ಳುವುದು ಏನನ್ನು? ಪ್ರತಿಷ್ಠೆಯನ್ನು ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಅದು ತಪ್ಪಲ್ಲ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಪ್ರತಿಷ್ಠೆಗಿಂತಲೂ ಮೊದಲು ಕೆಲಸ ಮಾಡುವ, ಹೆಚ್ಚು ಚರ್ಚೆಯಾಗದ ಒಂದು ವಸ್ತುವಿದೆ: ಮುಂದೂಡಲಾಗದ ಒಂದು ತಾರೀಖು.

ಆಡಳಿತದಲ್ಲಿ ತಾರೀಖುಗಳಿಗೆ ಬರವಿಲ್ಲ, ಆದರೆ ಬಹುತೇಕ ಎಲ್ಲವೂ ಎಳೆದಷ್ಟೂ ಹಿಗ್ಗುತ್ತವೆ. ಮೇಲ್ಸೇತುವೆಯ ಗಡುವು ಮುಂದಿನ ಮಾರ್ಚ್‌ಗೆ ಹೋಗುತ್ತದೆ, ಅಲ್ಲಿಂದ ಅದರ ಮುಂದಿನ ಮಾರ್ಚ್‌ಗೆ ಹೋಗುತ್ತದೆ. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕ್ರೀಡಾಕೂಟದ ಉದ್ಘಾಟನೆಯ ದಿನ ಹಾಗಲ್ಲ. ಎರಡು ಮಹಾಯುದ್ಧಗಳು ಒಲಿಂಪಿಕ್ಸ್‌ಗಳನ್ನು ರದ್ದು ಮಾಡಿಸಿದವೇ ಹೊರತು ಮುಂದೂಡಿಸಲಿಲ್ಲ. ಕೊರೊನಾ ಕಾಲದಲ್ಲಿ ಟೋಕಿಯೊ ಕೂಟ ಒಂದು ವರ್ಷ ಮುಂದೆ ಹೋದದ್ದು ಒಲಿಂಪಿಕ್ಸ್ ಚರಿತ್ರೆಯಲ್ಲೇ ಅಪವಾದ. ಅಂಥ ದಿನವೊಂದು ಸಿಕ್ಕಿತೆಂದರೆ ವರ್ಷಗಟ್ಟಲೆ ಕಪಾಟಿನಲ್ಲಿದ್ದ ಯೋಜನೆಗಳು ಮೇಜಿನ ಮೇಲೆ ಬರುತ್ತವೆ. ಕೇಂದ್ರ, ರಾಜ್ಯ ಮತ್ತು ಪಾಲಿಕೆಗಳ ನಡುವಿನ ಹಗ್ಗಜಗ್ಗಾಟ ತಾತ್ಕಾಲಿಕವಾಗಿ ನಿಲ್ಲುತ್ತದೆ, ಭೂಸ್ವಾಧೀನಕ್ಕೆ ದೇಶದ ಮರ್ಯಾದೆಯ ಬೆಂಬಲ ದೊರೆಯುತ್ತದೆ, ಹಣಕಾಸು ಇಲಾಖೆಯ ಆಕ್ಷೇಪಣೆಗಳು ಮೆತ್ತಗಾಗುತ್ತವೆ. ಜಪಾನಿನ ಮೊದಲ ಬುಲೆಟ್ ರೈಲು ಓಡಿದ್ದು 1964ರ ಅಕ್ಟೋಬರ್ 1ರಂದು. ಟೋಕಿಯೊ ಒಲಿಂಪಿಕ್ಸ್ ಆರಂಭವಾದದ್ದು ಅಕ್ಟೋಬರ್ 10ರಂದು. ಆ ಒಂಬತ್ತು ದಿನಗಳ ಅಂತರ ಕಾಕತಾಳೀಯವಲ್ಲ. ಕಾರ್ಖಾನೆಗಳೂ ರೈಲು ಹಳಿಗಳೂ ಅಡ್ಡಬಂದು ಸಮುದ್ರಕ್ಕೆ ಬೆನ್ನು ಮಾಡಿ ನಿಂತಿದ್ದ ಬಾರ್ಸಿಲೋನಾ 1992ರ ನೆಪದಲ್ಲಿ ತನ್ನ ಕಡಲತೀರವನ್ನು ಬಿಡಿಸಿಕೊಂಡಿತು. ಲಂಡನ್ ತನ್ನ ಪೂರ್ವಭಾಗದ ಸ್ಟ್ರಾಟ್‌ಫರ್ಡ್‌ನಲ್ಲಿ ಹಳೆಯ ಕೈಗಾರಿಕೆಗಳಿಂದ ಕಲುಷಿತಗೊಂಡಿದ್ದ ನೆಲವನ್ನು ತೊಳೆದು ಬಡಾವಣೆ ಮಾಡಿತು. ಪ್ಯಾರಿಸ್ 2024ರ ಗಡುವನ್ನು ಹಿಡಿದು ಸೆನ್ ನದಿಯ ಶುದ್ಧೀಕರಣಕ್ಕೆ ಸುಮಾರು 140 ಕೋಟಿ ಯೂರೊ ಸುರಿಯಿತು. 1923ರಿಂದ ನಿಷೇಧವಿದ್ದ ಆ ನದಿಯ ಈಜು 2025ರ ಬೇಸಿಗೆಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಂತರರಾಷ್ಟ್ರೀಯವಲ್ಲದಿದ್ದರೂ 1997ರ ರಾಷ್ಟ್ರೀಯ ಕ್ರೀಡಾಕೂಟ ನಮ್ಮ ರಾಜ್ಯದಲ್ಲಿ ನಡೆದಾಗ ಚಿಕ್ಕ ಪ್ರಮಾಣದಲ್ಲಿ ಇದೇ ಆಯಿತು. ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ಎಂಬ ವಸತಿ ಸಮುಚ್ಚಯವೂ ಇಂದಿನ ರೂಪದ ಕಂಠೀರವ ಕ್ರೀಡಾಂಗಣವೂ ಆ ಗಡುವಿನ ಕೂಸುಗಳು.

ಈ ತಾರೀಖಿನ ಶಕ್ತಿಯನ್ನೂ ಅದರ ಬೆಲೆಯನ್ನೂ ಒಟ್ಟಿಗೆ ಕಾಣಬೇಕಾದರೆ 1982ರ ದೆಹಲಿ ಏಷ್ಯಾಡ್, ಅಂದರೆ ಏಷ್ಯನ್ ಕ್ರೀಡಾಕೂಟವನ್ನು ನೋಡಬೇಕು. 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಮತ್ತೆ ಅಧಿಕಾರಕ್ಕೆ ಬಂದಾಗ ಕೂಟಕ್ಕೆ ಮೂರು ವರ್ಷವೂ ಉಳಿದಿರಲಿಲ್ಲ. ಅಷ್ಟರಲ್ಲಿ ಜವಾಹರಲಾಲ್ ನೆಹರೂ ಕ್ರೀಡಾಂಗಣ, ಒಳಾಂಗಣ ಕ್ರೀಡಾಂಗಣ, ಏಷ್ಯಾಡ್ ಗ್ರಾಮ, ಮೇಲ್ಸೇತುವೆಗಳು ಎದ್ದುನಿಂತವು. ಬಡದೇಶಕ್ಕೆ ಬಣ್ಣದ ಟಿವಿ ದುಂದಲ್ಲವೆ ಎಂಬ ಚರ್ಚೆಗೂ ಅದೇ ವರ್ಷ ತೆರೆ ಬಿತ್ತು. ದೂರದರ್ಶನ ಬಣ್ಣಕ್ಕೆ ತಿರುಗಿತು. ತುರ್ತುಪರಿಸ್ಥಿತಿ, ಸೋಲು, ಮರುಗೆಲುವು ಇವುಗಳ ನಂತರ ತಮ್ಮ ಸರ್ಕಾರ ಕೆಲಸ ಮಾಡಿ ತೋರಿಸುವ ಸರ್ಕಾರ ಎಂದು ಸಾಬೀತು ಮಾಡಬೇಕಿದ್ದ ಇಂದಿರಾ ಅವರಿಗೂ, ಏರ್ಪಾಟುಗಳ ಉಸ್ತುವಾರಿಯಲ್ಲಿ ಓಡಾಡಿ ಸಾರ್ವಜನಿಕ ಬದುಕಿಗೆ ಹೊಸಬರಾಗಿ ಪರಿಚಯವಾಗುತ್ತಿದ್ದ ರಾಜೀವ್ ಗಾಂಧಿಯವರಿಗೂ ಇದಕ್ಕಿಂತ ದೊಡ್ಡ ವೇದಿಕೆ ಬೇಕಿರಲಿಲ್ಲ.

ಆ ಕಟ್ಟಡಗಳನ್ನು ಕಟ್ಟಿದವರು ಬಹುಪಾಲು ರಾಜಸ್ಥಾನ, ಉತ್ತರ ಪ್ರದೇಶ ಮತ್ತು ಒಡಿಶಾದಿಂದ ಜಮಾದಾರರೆಂಬ ಮಧ್ಯವರ್ತಿಗಳು ಕರೆತಂದ ಕೂಲಿಗಳು. ನಿಗದಿಯಾಗಿದ್ದ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಅದನ್ನು ಜಮಾದಾರನಿಗೆ ಕೊಡುತ್ತಿದ್ದ, ಜಮಾದಾರ ತಲೆಗೆ ದಿನಕ್ಕೊಂದು ರೂಪಾಯಿ ಕಮಿಷನ್ ಮುರಿದುಕೊಳ್ಳುತ್ತಿದ್ದ, ಕೂಲಿಯ ಕೈಗೆ 8 ರೂಪಾಯಿ 25 ಪೈಸೆ ಬರುತ್ತಿತ್ತು. ಹೆಂಗಸರಿಗೆ ಅದಕ್ಕಿಂತಲೂ ಕಡಿಮೆ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆಯು ಈ ವಿಷಯವನ್ನು ಒಂದು ಪತ್ರದ ಮೂಲಕ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಗಮನಕ್ಕೆ ತಂದಿತು. ಕೂಲಿಗಳು ಗುತ್ತಿಗೆದಾರರ ನೌಕರರು, ನಮಗೂ ಅವರಿಗೂ ಸಂಬಂಧವಿಲ್ಲ ಎಂಬ ಸರ್ಕಾರದ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು 1982ರ ಸೆಪ್ಟೆಂಬರ್ 18ರಂದು ಅದು ತೀರ್ಪಿತ್ತಿತು. ಭಾರತದ ಕಾರ್ಮಿಕ ಕಾನೂನಿಗೆ ಏಷ್ಯಾಡ್ ಕೊಟ್ಟ ದೊಡ್ಡ ಕೊಡುಗೆ ಅದು. ಕೂಟದ ಲಾಂಛನವಾಗಿದ್ದ ಅಪ್ಪು ಎಂಬ ಆನೆಮರಿಯಷ್ಟು ಅದು ಜನರ ನೆನಪಿನಲ್ಲಿ ಉಳಿದಿಲ್ಲ. ಉದ್ಘಾಟನೆಗೆ ಆಗ ಉಳಿದಿದ್ದುದು ಎರಡು ತಿಂಗಳು, ಕಟ್ಟಡಗಳೆಲ್ಲ ಬಹುಪಾಲು ಮುಗಿದಿದ್ದವು.

ಗಡುವಿನ ಸ್ವಭಾವವೇ ಹೀಗೆ. ಅಡ್ಡಿಗಳನ್ನು ಸರಿಸುವ ಅದೇ ಒತ್ತಡವು ಎಚ್ಚರಿಕೆಗಳನ್ನೂ ಸರಿಸುತ್ತದೆ. ಲಗ್ನಪತ್ರಿಕೆ ಹಂಚಿದ ಮೇಲೆ ಅಡುಗೆಯವರು, ಶಾಮಿಯಾನದವರು ಕೇಳಿದಷ್ಟು ಕೊಡಬೇಕಾಗುತ್ತದೆಂಬುದು ಮನೆಯಲ್ಲಿ ಮದುವೆ ಮಾಡಿದವರಿಗೆಲ್ಲ ಗೊತ್ತು. ಸರ್ಕಾರವೂ ಗುತ್ತಿಗೆದಾರರ ಮುಂದೆ ಅದೇ ಸ್ಥಿತಿಗೆ ಬರುತ್ತದೆ. ಚೌಕಾಶಿಯ ಶಕ್ತಿಯೆಂದರೆ ಬೇಡ ಎನ್ನುವ ಶಕ್ತಿ, ಮತ್ತು ತಾರೀಖು ಹತ್ತಿರವಾದಷ್ಟೂ ಆ ಶಕ್ತಿ ಕರಗುತ್ತದೆ.

2010ರ ದೆಹಲಿಯಲ್ಲಿ ಇದರ ಪೂರ್ಣ ರೂಪ ಕಂಡಿತು. ಆ ಕೂಟವನ್ನು ಗೆದ್ದುದು 2003ರ ನವೆಂಬರ್‌ನಲ್ಲಿ, ಜಮೈಕಾದಲ್ಲಿ, ಕೆನಡಾದ ಹ್ಯಾಮಿಲ್ಟನ್ ವಿರುದ್ಧ 46–22 ಮತಗಳಿಂದ. ಪ್ರತಿಯೊಂದು ಸದಸ್ಯ ರಾಷ್ಟ್ರಕ್ಕೂ ತರಬೇತಿಗೆಂದು ಒಂದು ಲಕ್ಷ ಡಾಲರ್ ಕೊಡುವ ಭಾರತದ ಭರವಸೆ ಅದಕ್ಕೆ ನೆರವಾಗಿತ್ತು. ಏಳು ವರ್ಷಗಳ ಕಾಲಾವಕಾಶದಲ್ಲಿ ಮೊದಲ ಕೆಲವು ವರ್ಷಗಳು ಯಾವ ಸಮಿತಿ ಯಾರ ಕೈಯಲ್ಲಿರಬೇಕು ಎಂಬುದರಲ್ಲೇ ಕಳೆದವು. ತಯಾರಿ ಹಿಂದೆ ಬಿದ್ದಿದೆಯೆಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು (ಸಿಎಜಿ) 2009ರ ಜುಲೈನಲ್ಲೇ ವರದಿ ಕೊಟ್ಟಿದ್ದರು. ಆದರೆ ತಡವಾದಷ್ಟೂ ತುರ್ತು ಹೆಚ್ಚುತ್ತದೆ, ತುರ್ತು ಹೆಚ್ಚಿದಷ್ಟೂ ನಿಯಮ ಸಡಿಲಿಸಲು ಕಾರಣ ಸಿಗುತ್ತದೆ. ತಡ ಮಾಡುವುದೇ ಕೆಲವರಿಗೆ ಲಾಭದಾಯಕವಾಗಿತ್ತೆಂಬ ಅನುಮಾನ ಬಾರದಿರದು. ಬಿಡ್, ಅಂದರೆ ಆತಿಥ್ಯ ಕೇಳುವ ಅರ್ಜಿ, ಸಲ್ಲಿಸಿದ ಹೊತ್ತಿನಲ್ಲಿ ಸುಮಾರು 1,200 ಕೋಟಿ ರೂಪಾಯಿ ಇದ್ದ ಅಂದಾಜು 18,532 ಕೋಟಿಗೆ ಏರಿತೆಂದು ಮಹಾಲೇಖಪಾಲರ 2011ರ ವರದಿ ಹೇಳಿತು, ಅದರಲ್ಲಿ ಮೆಟ್ರೊ ಮತ್ತು ವಿಮಾನ ನಿಲ್ದಾಣದ ಖರ್ಚು ಸೇರಿರಲಿಲ್ಲ. ಕ್ರೀಡಾಗ್ರಾಮವನ್ನು ಖಾಸಗಿ ಸಹಭಾಗಿತ್ವದಲ್ಲಿ ಕಟ್ಟಿಸುವ ಯೋಜನೆ ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿದಾಗ ದೆಹಲಿ ಅಭಿವೃದ್ಧಿ ಪ್ರಾಧಿಕಾರವೇ 333 ಫ್ಲ್ಯಾಟುಗಳನ್ನು 700 ಕೋಟಿಗೂ ಹೆಚ್ಚು ಕೊಟ್ಟು ಕೊಂಡಿತು. ಬೇರೆ ದಾರಿಯಿರಲಿಲ್ಲ, ಆಟಗಾರರು ಬರುವ ದಿನ ಗೊತ್ತಾಗಿತ್ತು. ಉದ್ಘಾಟನೆಗೆ ಹನ್ನೆರಡು ದಿನ ಇರುವಾಗ, ಸೆಪ್ಟೆಂಬರ್ 21ರಂದು, ಮುಖ್ಯ ಕ್ರೀಡಾಂಗಣದ ಪಕ್ಕದ ಪಾದಚಾರಿ ಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡರು. ಕೂಟಕ್ಕೆಂದೇ ಅವಸರಿಸಿದ ವಿಮಾನ ನಿಲ್ದಾಣದ ಮೆಟ್ರೊ ಮಾರ್ಗ ಕೊನೆಗೂ ಶುರುವಾದದ್ದು 2011ರ ಫೆಬ್ರುವರಿಯಲ್ಲಿ.

ಆದರೂ ನ್ಯಾಯಕ್ಕೆ ಒಂದು ಮಾತು ಹೇಳಬೇಕು. ಭಾರತ ಅಲ್ಲಿ 101 ಪದಕ ಗೆದ್ದಿತು, ಅದರ ಹಿಂದಿನ ಮೆಲ್ಬರ್ನ್ ಕೂಟದ ಸುಮಾರು ಎರಡು ಪಟ್ಟು. ಕುಂದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ ಇದ್ದ ಮಹಿಳೆಯರ 4x400 ಮೀಟರ್ ರಿಲೇ ತಂಡ ಚಿನ್ನ ಗೆದ್ದ ಸಂಜೆಯನ್ನೂ, ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಡಿಸ್ಕಸ್‌ನಲ್ಲಿ ಬೆಳ್ಳಿ ಗೆದ್ದದ್ದನ್ನೂ ನೆನೆಯುವವರು ಹಗರಣವನ್ನು ನೆನೆಯುವವರಷ್ಟೇ ಇದ್ದಾರೆ. ಸ್ವಂತ ಅಂಗಳದಲ್ಲಿ ಪದಕ ಹೆಚ್ಚುವುದು ಎಲ್ಲ ಆತಿಥೇಯರ ಅನುಭವ, ಮತ್ತು ಆಟಗಳ ಪಟ್ಟಿಯಲ್ಲಿ ಆತಿಥೇಯರ ಮಾತು ನಡೆಯುತ್ತದೆ. 2022ರ ಬರ್ಮಿಂಗ್‌ಹ್ಯಾಮ್ ಶೂಟಿಂಗ್ ಅನ್ನು ಕೈಬಿಟ್ಟಿತು. ಗ್ಲಾಸ್ಗೋ ತನ್ನ ಹತ್ತರ ಪಟ್ಟಿಯಿಂದ ಹಾಕಿ, ಕುಸ್ತಿ, ಬ್ಯಾಡ್ಮಿಂಟನ್‌ಗಳನ್ನೂ ಕೈಬಿಟ್ಟಿತು. ಭಾರತಕ್ಕೆ ಪದಕ ತರುವ ಆಟಗಳೇ ಇವು. ಪಟ್ಟಿ ಬರೆಯುವ ಮೇಜಿನ ಬಳಿ ಕೂರಬೇಕೆಂಬುದು ಸಣ್ಣ ಕಾರಣವೇ ಇರಬಹುದು, ಆದರೆ ಕ್ರೀಡಾ ಸಚಿವಾಲಯದವರಿಗೆ ಸಣ್ಣದಲ್ಲ.

ಈಗ ಪ್ರತಿಷ್ಠೆಯ ವಿಷಯಕ್ಕೆ ಬರೋಣ. ದೇಶವೊಂದು ತಾನು ಹಿಂದಿನ ದೇಶವಲ್ಲ ಎಂದು ಹೊರಗಿನವರಿಗೆ ನಂಬಿಸಬೇಕಾದಾಗ ಬರಿ ಹೇಳಿಕೆಗಳು ಸಾಲವು; ದುಬಾರಿಯಾದ, ಹಿಂದೆಗೆಯಲಾಗದ ಒಂದು ಕ್ರಿಯೆ ಬೇಕು. ಅರ್ಥಶಾಸ್ತ್ರಜ್ಞರಾದ ಆಂಡ್ರ್ಯೂ ರೋಸ್ ಮತ್ತು ಮಾರ್ಕ್ ಸ್ಪೀಗೆಲ್ ಒಲಿಂಪಿಕ್ಸ್ ನಡೆಸಿದ ದೇಶಗಳ ರಫ್ತು ಗಮನಾರ್ಹವಾಗಿ ಏರಿದ್ದನ್ನು ಗುರುತಿಸಿದರು. ಸ್ವಾರಸ್ಯವಿರುವುದು ಅದರ ಮುಂದಿನ ಸಾಲಿನಲ್ಲಿ: ಬಿಡ್ ಸಲ್ಲಿಸಿ ಸೋತ ದೇಶಗಳ ರಫ್ತೂ ಹೆಚ್ಚುಕಡಿಮೆ ಅಷ್ಟೇ ಏರಿತ್ತು. ಎಂದರೆ ಪರಿಣಾಮ ಬೀರಿದ್ದು ಕೂಟಕ್ಕಿಂತ ಹೆಚ್ಚಾಗಿ, ನಾವು ಬಾಗಿಲು ತೆರೆಯುತ್ತಿದ್ದೇವೆ ಎಂಬ ಸೂಚನೆ. ಸ್ಪೇನ್ ಯುರೋಪಿನ ಆರ್ಥಿಕ ಒಕ್ಕೂಟವನ್ನು ಸೇರಿದ ವರ್ಷವೇ, 1986ರಲ್ಲಿ, ಬಾರ್ಸಿಲೋನಾಕ್ಕೆ ಕೂಟ ಸಿಕ್ಕಿತು. ಬೀಜಿಂಗ್‌ಗೆ ಕೂಟ ಸಿಕ್ಕ 2001ರಲ್ಲೇ ಚೀನಾ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಸೇರಿತು. ಸೋತವರಿಗೂ ಲಾಭವಿದೆಯೆಂದರೆ ಗೆಲ್ಲದೆ ಬಿಡ್ ಮಾತ್ರ ಸಲ್ಲಿಸುವುದೇ ಜಾಣತನವಲ್ಲವೆ ಎಂದು ಯಾರಾದರೂ ಕೇಳಬಹುದು, ಮತ್ತು ಆ ಪ್ರಶ್ನೆಯಲ್ಲಿ ತಿರುಳಿದೆ.

ಸರ್ವಾಧಿಕಾರಿಗಳಿಗೆ ಈ ವೇದಿಕೆಯ ಮೇಲೆ ಹೆಚ್ಚು ಒಲವೆಂಬುದಕ್ಕೆ 1936ರ ಬರ್ಲಿನ್‌ನಿಂದ ಉದಾಹರಣೆಗಳಿವೆ. 1978ರ ವಿಶ್ವಕಪ್ ಫೈನಲ್ ನಡೆದ ಬ್ಯುನೋಸ್ ಐರಿಸ್‌ನ ಕ್ರೀಡಾಂಗಣಕ್ಕೆ ಅನತಿ ದೂರದಲ್ಲೇ ನೌಕಾಪಡೆಯ ತರಬೇತಿ ಶಾಲೆಯಿತ್ತು, ಮತ್ತು ಅರ್ಜೆಂಟೀನಾದ ಸೇನಾ ಸರ್ಕಾರ ಅಲ್ಲಿ ತನ್ನ ವಿರೋಧಿಗಳನ್ನು ಕೂಡಿಹಾಕಿ ಹಿಂಸಿಸುತ್ತಿತ್ತು. ಹೊರಗೆ ಗೆಲುವಿನ ಮೆರವಣಿಗೆ ನಡೆಯಿತು, ಸರ್ಕಾರ ಬಯಸಿದ್ದೂ ಅದನ್ನೇ. ಆದರೆ ತಾರೀಖು ಯಾರೊಬ್ಬರ ಸ್ವತ್ತೂ ಅಲ್ಲ. ದಕ್ಷಿಣ ಕೊರಿಯಾದ ಚುನ್ ಡೂ-ಹ್ವಾನ್ ಅವರ ಸೇನಾ ಸರ್ಕಾರ 1981ರಲ್ಲಿ ಜಪಾನಿನ ನಗೋಯಾವನ್ನು ಸೋಲಿಸಿ 1988ರ ಒಲಿಂಪಿಕ್ಸ್ ಅನ್ನು ಸೋಲ್‌ಗೆ ತಂದದ್ದು ತನ್ನ ಆಳ್ವಿಕೆಗೆ ಮಾನ್ಯತೆ ಸಿಗಲೆಂದು. 1987ರ ಜೂನ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದಾಗ ಅದೇ ಒಲಿಂಪಿಕ್ಸ್ ಅವರ ಕೈ ಕಟ್ಟಿಹಾಕಿತು. 1980ರಲ್ಲಿ ಗ್ವಾಂಗ್‌ಜು ನಗರದಲ್ಲಿ ಸೇನೆ ನುಗ್ಗಿಸಿದ್ದ ಸರ್ಕಾರವು, ಜಗತ್ತಿನ ಕ್ಯಾಮೆರಾಗಳು ಬರಲು ಒಂದು ವರ್ಷವಷ್ಟೇ ಉಳಿದಿರುವಾಗ ಅದನ್ನೇ ಸೋಲ್‌ನಲ್ಲಿ ಪುನರಾವರ್ತಿಸುವ ಧೈರ್ಯ ಮಾಡಲಿಲ್ಲ. ಜೂನ್ 29ರಂದು ನೇರ ಅಧ್ಯಕ್ಷೀಯ ಚುನಾವಣೆಗೆ ಒಪ್ಪಿಗೆ ಘೋಷಣೆಯಾಯಿತು. ಪ್ರಜಾಪ್ರಭುತ್ವಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಗಡುವನ್ನು ಪ್ರತಿಭಟನಕಾರರೂ ಬಳಸಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಕೂಟದ ಬೆನ್ನಿಗೇ ಹಂಗೇರಿ, ಸೋವಿಯತ್ ಒಕ್ಕೂಟ, ಆಮೇಲೆ ಚೀನಾ ಒಂದೊಂದಾಗಿ ದಕ್ಷಿಣ ಕೊರಿಯಾದೊಂದಿಗೆ ರಾಜತಾಂತ್ರಿಕ ಸಂಬಂಧ ಬೆಳೆಸಿದವು.

ಕತಾರ್‌ನ ಲೆಕ್ಕ ಇನ್ನೊಂದು ಬಗೆಯದು. ಸ್ವಂತ ಪ್ರಜೆಗಳು ಮೂರು ಲಕ್ಷದ ಆಸುಪಾಸಿರುವ, ಬಲಿಷ್ಠ ನೆರೆಹೊರೆಯ ನಡುವಿನ ಆ ದೇಶಕ್ಕೆ ಜಗತ್ತು ತನ್ನ ಹೆಸರು ಬಲ್ಲದೆಂಬುದೇ ಒಂದು ರಕ್ಷಣೆ. 2017ರಲ್ಲಿ ಸೌದಿ ಅರೇಬಿಯಾ ಮತ್ತದರ ಮಿತ್ರರು ದಿಗ್ಬಂಧನ ಹೇರಿದಾಗ ಆ ಭಯ ಕಲ್ಪನೆಯದಲ್ಲವೆಂದು ಗೊತ್ತಾಯಿತು. 2022ರ ವಿಶ್ವಕಪ್‌ಗೆ 20,000 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಯಿತೆಂದು ಎಲ್ಲೆಡೆ ಬರೆಯುತ್ತಾರೆ, ಆದರೆ ಅದರಲ್ಲಿ ಕ್ರೀಡಾಂಗಣಗಳದ್ದು ಸಣ್ಣ ಪಾಲು. ಉಳಿದದ್ದು ಮೆಟ್ರೊ, ಹೆದ್ದಾರಿ, ವಿಮಾನ ನಿಲ್ದಾಣ, ಹೊಸ ಊರು. ಇಂಥ ಮೊತ್ತಗಳನ್ನು ಓದುವಾಗ ಯಾವುದನ್ನು ಸೇರಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ನೋಡದೆ ಮುಂದೆ ಹೋಗಬಾರದು: ಹೆಮ್ಮೆ ಪಡುವಾಗ ಸರ್ಕಾರಗಳು ರಸ್ತೆಯನ್ನು ಕೂಟದ ಕೊಡುಗೆ ಎನ್ನುತ್ತವೆ, ಲೆಕ್ಕ ಕೇಳಿದಾಗ ಹೇಗೂ ಕಟ್ಟಬೇಕಿದ್ದ ರಸ್ತೆ ಎನ್ನುತ್ತವೆ. ದೋಹಾದಲ್ಲಿ ದುಡಿಯುವವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಅಲ್ಲಿನ ಮಾಲೀಕನ ಅನುಮತಿಯಿಲ್ಲದೆ ಕೆಲಸ ಬದಲಿಸುವಂತಿಲ್ಲವೆಂಬ ನಿಯಮ 2020ರಲ್ಲಿ ತೆಗೆದುಹಾಕಲ್ಪಟ್ಟದ್ದು, ಮರುವರ್ಷ 1,000 ರಿಯಾಲ್ ಕನಿಷ್ಠ ವೇತನ ಜಾರಿಗೆ ಬಂದದ್ದು ಹೊರಗಿನ ಟೀಕೆಯ ಒತ್ತಡದಿಂದಲೇ. ಬಿಸಿಲಿನಲ್ಲಿ ಕಟ್ಟುವ ಕೆಲಸದ ಬಹುಭಾಗ ಅಷ್ಟು ಹೊತ್ತಿಗೆ ನಡೆದುಹೋಗಿತ್ತೆಂಬುದೂ ಅಷ್ಟೇ ನಿಜ.

ಇಷ್ಟೆಲ್ಲ ಅನುಭವ ಕಣ್ಣ ಮುಂದಿದ್ದರೂ ಅಂದಾಜುಗಳು ಪ್ರತಿಸಲ ತಪ್ಪುವುದು ದಡ್ಡತನದಿಂದಲ್ಲ. ಆತಿಥ್ಯದ ನಿರ್ಧಾರ ಏಳೆಂಟು ವರ್ಷ ಮೊದಲೇ ಆಗುತ್ತದೆ. ಭರವಸೆ ಕೊಟ್ಟವರು ಬಿಲ್ ಬರುವಾಗ ಕುರ್ಚಿಯಲ್ಲಿರುವುದಿಲ್ಲ. 2010ರ ಕೂಟವನ್ನು ಕೇಳಿ ತಂದದ್ದು ವಾಜಪೇಯಿ ಸರ್ಕಾರ, ನಡೆಸಿ ಕೆಟ್ಟ ಹೆಸರು ಹೊತ್ತದ್ದು ಮನಮೋಹನ್ ಸಿಂಗ್ ಸರ್ಕಾರ. ಲಂಡನ್ ತನ್ನ ಬಿಡ್‌ನಲ್ಲಿ ಹೇಳಿದ್ದು ಸುಮಾರು 240 ಕೋಟಿ ಪೌಂಡ್, ಗೆದ್ದ ಎರಡೇ ವರ್ಷಕ್ಕೆ ಅದು 930 ಕೋಟಿಯಾಯಿತು. ಮೊದಲೇ 930 ಎಂದಿದ್ದರೆ ಗೆಲ್ಲುವುದಿರಲಿ, ಬಿಡ್‌ಗೆ ಸಂಪುಟದ ಒಪ್ಪಿಗೆ ಸಿಗುವುದೂ ಕಷ್ಟವಿತ್ತು. ಪೈಪೋಟಿಯಲ್ಲಿ ಗೆಲ್ಲುವುದು ಅತಿ ಆಶಾವಾದಿ ಅಂದಾಜು, ಅಂದರೆ ಅತಿ ಹೆಚ್ಚು ತಪ್ಪಾಗಲಿರುವ ಅಂದಾಜು. ಇನ್ನೊಂದು ಕಡೆ, ಲಾಭವಾಗುವ ಕಟ್ಟಡ ಕಂಪನಿಗಳು, ಭೂಮಿ ಇದ್ದವರು, ಹೋಟೆಲಿನವರು ಬೆರಳೆಣಿಕೆಯಷ್ಟಿದ್ದು ತಮ್ಮ ಪಾಲು ಎಷ್ಟೆಂದು ಖಚಿತವಾಗಿ ಬಲ್ಲರು. ನಷ್ಟ ಕೋಟ್ಯಂತರ ತೆರಿಗೆದಾರರ ನಡುವೆ ಹಂಚಿಹೋಗುತ್ತದೆ, ಒಬ್ಬೊಬ್ಬರ ಪಾಲಿಗೆ ಬೀದಿಗಿಳಿಯುವಷ್ಟು ದೊಡ್ಡದಾಗಿ ಕಾಣುವುದಿಲ್ಲ. ಗುಡಿಸಲು ಕಳೆದುಕೊಳ್ಳುವವರ ನಷ್ಟ ಮಾತ್ರ ಹಂಚಿಹೋಗುವುದಿಲ್ಲ, ಆದರೆ ಅವರ ದನಿ ಸಮಿತಿಯ ಕೋಣೆಯವರೆಗೆ ತಲುಪುವುದು ವಿರಳ.

ಜನರನ್ನೇ ನೇರವಾಗಿ ಕೇಳಿದ ಕಡೆಗಳಲ್ಲಿ ಉತ್ತರ ಬೇರೆ ಬಂದಿದೆ. 1976ರ ಚಳಿಗಾಲದ ಒಲಿಂಪಿಕ್ಸ್ ಡೆನ್ವರ್‌ಗೆ ಸಿಕ್ಕ ಮೇಲೂ ಕೊಲರಾಡೊ ಮತದಾರರು 1972ರಲ್ಲಿ ಹಣ ಕೊಡಲು ನಿರಾಕರಿಸಿದರು. 2015ರಲ್ಲಿ ಹ್ಯಾಂಬರ್ಗ್, 2018ರಲ್ಲಿ ಕ್ಯಾಲ್ಗರಿ ಜನಮತಗಣನೆಯಲ್ಲಿ ಬೇಡವೆಂದವು. 2022ರ ಚಳಿಗಾಲದ ಕೂಟಕ್ಕೆ ಪೈಪೋಟಿಯಲ್ಲಿದ್ದ ಓಸ್ಲೊ, ಒಲಿಂಪಿಕ್ ಸಮಿತಿಯ ಗಣ್ಯರಿಗೆ ಬೇಕಾದ ಸತ್ಕಾರಗಳ ಪಟ್ಟಿ ನಾರ್ವೆಯ ಪತ್ರಿಕೆಯಲ್ಲಿ ಬಯಲಾಗುವ ಹೊತ್ತಿಗೆ ಹಿಂದೆ ಸರಿಯಿತು. ದೊರೆಯೊಂದಿಗೆ ಪಾನಗೋಷ್ಠಿಯೂ ಆ ಪಟ್ಟಿಯಲ್ಲಿತ್ತು. ಕೊನೆಗೆ ಕಣದಲ್ಲಿ ಉಳಿದದ್ದು ಬೀಜಿಂಗ್ ಮತ್ತು ಕಜಕಸ್ತಾನದ ಅಲ್ಮಾಟಿ. ಜನರನ್ನು ಕೇಳುವ ದೇಶಗಳು ಒಂದೊಂದಾಗಿ ಹೊರಟರೆ ಕೇಳಬೇಕಿಲ್ಲದ ದೇಶಗಳು ಉಳಿಯುತ್ತವೆಂಬುದು ಒಲಿಂಪಿಕ್ ಸಮಿತಿಗೂ ಅರ್ಥವಾಯಿತು. 2017ರಲ್ಲಿ ಪ್ಯಾರಿಸ್ ಮತ್ತು ಲಾಸ್ ಏಂಜಲೀಸ್ ಎರಡೇ ಉಳಿದಾಗ ಅದು 2024 ಮತ್ತು 2028 ಎರಡನ್ನೂ ಒಟ್ಟಿಗೇ ಹಂಚಿ ಕೈತೊಳೆದುಕೊಂಡಿತು, ಆಮೇಲೆ ಬಹಿರಂಗ ಪೈಪೋಟಿಯ ಬದಲು ಆಯ್ದ ನಗರದೊಂದಿಗೆ ಮಾತುಕತೆ ನಡೆಸುವ ಪದ್ಧತಿಗೆ ತಿರುಗಿತು. ಫಿಫಾ 2034ರ ವಿಶ್ವಕಪ್ ಅನ್ನು 2024ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾಕ್ಕೆ ಕೊಟ್ಟಾಗ ಬೇರೆ ಅಭ್ಯರ್ಥಿಯೇ ಇರಲಿಲ್ಲ.

ಭಾರತ ಈ ಸಾಲಿನಲ್ಲಿ ನಿಂತಿರುವುದು ಕಾಮನ್‌ವೆಲ್ತ್ ಕೂಟಕ್ಕಾಗಿ ಮಾತ್ರವಲ್ಲ. 2036ರ ಒಲಿಂಪಿಕ್ಸ್ ಆತಿಥ್ಯಕ್ಕೆ ಪ್ರಯತ್ನಿಸುವುದಾಗಿ ಪ್ರಧಾನಿ ನರೇಂದ್ರ ಮೋದಿ 2023ರ ಅಕ್ಟೋಬರ್‌ನಲ್ಲಿ ಮುಂಬೈನ ಒಲಿಂಪಿಕ್ ಸಮಿತಿ ಅಧಿವೇಶನದಲ್ಲಿ ಘೋಷಿಸಿದರು. ಮರುವರ್ಷದ ಅಕ್ಟೋಬರ್‌ನಲ್ಲಿ ಆಸಕ್ತಿ ಪತ್ರ ಸಲ್ಲಿಕೆಯಾಯಿತು. ಕಾಮನ್‌ವೆಲ್ತ್ ಕೂಟ ಅದಕ್ಕೆ ಪೂರ್ವಭಾವಿ ಪರೀಕ್ಷೆ. ಪ್ರಧಾನಿಯವರ ತವರು ರಾಜ್ಯದ ಅಹಮದಾಬಾದಿನಲ್ಲಿ 1,32,000 ಆಸನಗಳ ಕ್ರಿಕೆಟ್ ಕ್ರೀಡಾಂಗಣ ಆಗಲೇ ಇದೆ, ಅದರ ಸುತ್ತ ಸರ್ದಾರ್ ವಲ್ಲಭಭಾಯಿ ಪಟೇಲ್ ಹೆಸರಿನ ಕ್ರೀಡಾ ಸಂಕೀರ್ಣದ ಯೋಜನೆಯಿದೆ. ಗ್ಲಾಸ್ಗೋ ಹತ್ತು ಆಟಗಳಿಗೆ ಇಳಿಸಿದ ಕೂಟವನ್ನು ಅಹಮದಾಬಾದ್ 15ರಿಂದ 17 ಆಟಗಳಿಗೆ ಮರಳಿ ಹಿಗ್ಗಿಸಲಿದೆ. ಒಲಿಂಪಿಕ್ ಸಮಿತಿಯ ಹೊಸ ಅಧ್ಯಕ್ಷೆ ಕರ್ಸ್ಟಿ ಕಾವೆಂಟ್ರಿ 2025ರ ಜೂನ್‌ನಲ್ಲಿ ಅಧಿಕಾರ ವಹಿಸಿಕೊಂಡ ಕೂಡಲೇ ಆತಿಥೇಯರ ಆಯ್ಕೆ ಪ್ರಕ್ರಿಯೆಯನ್ನು ಮರುಪರಿಶೀಲನೆಗೆಂದು ತಡೆಹಿಡಿದರು, ಹೀಗಾಗಿ 2036ರ ತೀರ್ಮಾನ ಯಾವಾಗ, ಯಾವ ರೀತಿಯಲ್ಲಿ ಆಗುತ್ತದೆಂಬುದು ಆ ಮರುಪರಿಶೀಲನೆಯನ್ನು ಅವಲಂಬಿಸಿದೆ. ಆದರೆ ಗುಜರಾತಿನ ಕಾಮಗಾರಿಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಟೆಂಡರ್ ಕರೆಯುವುದಕ್ಕೂ ಜಾಗ ಬಿಡಿಸಿಕೊಳ್ಳುವುದಕ್ಕೂ 2030 ಸಾಕು.